ಹಕ್ಕಿಯ ವೇಷದ ಕವಿ

ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದ ಫೆರೋ ದ್ವೀಪಗಳ ಕವಿ ನೋಲ್ಸೊಯಾರ್ ಪಾಲ್ (1766–1808/09) ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಖುಷಿಯಾಯಿತು. ಆದರೆ ಅವನ 'ಹಕ್ಕಿಗಳ ಹಾಡಿ'ಗೆ ಎರಡೇ ಸಾಲು ಕೊಟ್ಟಿದ್ದು ಅನ್ಯಾಯ ಅಲ್ವಾ? ಅದರಲ್ಲಿ 229 ಪದ್ಯಗಳಿವೆ! ಡೆನ್ಮಾರ್ಕಿನ ಅಧಿಕಾರಿಗಳು ಅಲ್ಲಿ ಬೇಟೆಹಕ್ಕಿಗಳು, ಫೆರೋ ಜನ ಪುಟ್ಟ ಹಕ್ಕಿಗಳು. ಹದ್ದು ಬಂತು ಎಂದು ಕೂಗಿ ಎಚ್ಚರಿಸುವ ತ್ಯಾಲ್ದುರ್ ಎಂಬ ಕಡಲತೀರದ ಹಕ್ಕಿ (ಆಯ್ಸ್ಟರ್‌ಕ್ಯಾಚರ್) ಸ್ವತಃ ಕವಿಯೇ. ಈಗ ಅದೇ ಫೆರೋ ಜನರ ರಾಷ್ಟ್ರಪಕ್ಷಿ.

ಸುಮ್ನೆ ಗೇಲಿ ಮಾಡಿ ಕೂತವನಲ್ಲ ಈತ. ವ್ಯಾಪಾರವೆಲ್ಲ ಡೆನ್ಮಾರ್ಕ್ ರಾಜನ ಮುಷ್ಟಿಯಲ್ಲಿತ್ತು. ಅದನ್ನು ಮುರಿಯಲೆಂದೇ ಒಡೆದ ಹಡಗಿನ ಮರ ತಂದು, 1804ರಲ್ಲಿ ತನ್ನದೇ ಹಡಗು ಕಟ್ಟಿದ. ಕೊನೆಗೆ ಲಂಡನ್ನಿಂದ ಧಾನ್ಯ ತರುವಾಗ ಸಮುದ್ರದಲ್ಲೇ ಕಾಣೆಯಾದ. ಆ ಏಕಸ್ವಾಮ್ಯ ತೊಲಗಿದ್ದು 1856ರಲ್ಲಿ. ಪಾಪ, ನೋಡಲು ಅವನಿರಲಿಲ್ಲ. ಹಾಡು ಮಾತ್ರ ಉಳಿಯಿತು, ಕೈ ಕೈ ಹಿಡಿದು ಸುತ್ತುವ ಫೆರೋ ಜನರ ಕುಣಿತದಲ್ಲಿ.