ಕಾಯೊಳಗಿನ ಹೂವು

ನಮ್ಮ ಪಕ್ಕದ ಮನೆ ಆಂಟಿ ಒಂದು ವಾರದಿಂದ ಶುಗರ್ ಮಾತ್ರೆ ಬಿಟ್ಟು ದಿನಾ ತೆಂಗಿನ ಹೂವು, ಅಂದರೆ ಮೊಳಕೆ ಒಡೆದ ಕಾಯಿಯೊಳಗಿನ ಉಂಡೆ, ತಿನ್ನುತ್ತಿದ್ದಾರೆ. ಅದರಿಂದ ಶುಗರ್ ವಾಸಿಯಾಗುತ್ತದೆ ಅಂತ ಯಾವುದೋ ವಿಡಿಯೋದಲ್ಲಿ ನೋಡಿದರಂತೆ. ಕೇಳಿ ನಿಜಕ್ಕೂ ಭಯವಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೆಂಗಿನ ಹೂವು ಅಂದರೆ ನನಗೆ ಪ್ರಾಣ. ನಮ್ಮದು ತಿಪಟೂರು ಕಡೆ. ಅಲ್ಲಿ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗಬೇಕು. ಕೆಲವು ಕಾಯಿ ಕೊಬ್ಬರಿಯಾಗದೆ ಮೊಳಕೆ ಒಡೆಯುತ್ತಿದ್ದವು. ಅಜ್ಜಿಗೆ ಅದು ನಷ್ಟ, ನಮಗೆ ಹಬ್ಬ. ಮಚ್ಚಿನ ಹಿಂಬದಿಯಿಂದ ಕರಟಕ್ಕೆ ಎರಡೇಟು ಹಾಕಿದರೆ ಕಾಯಿ ಎರಡು ಹೋಳು. ನಡುವೆ ಕೆನೆ ಬಣ್ಣದ ಉಂಡೆ. ಬೆರಳಲ್ಲಿ ಒತ್ತಿದರೆ ಸ್ಪಂಜಿನ ಹಾಗೆ ತಗ್ಗುತ್ತಿತ್ತು. ಕಚ್ಚಿದರೆ ಬಾಯಿ ತುಂಬ ಸಿಹಿ ರಸ.

ಹೂವು ಅಂತ ಕರೆದರೂ ಇದು ಹೂವಲ್ಲ. ತೆಂಗಿನ ಮರದ ನಿಜವಾದ ಹೂವು ಬಿಡೋದು ಹೊಂಬಾಳೆಯಲ್ಲಿ. ಕಾಯಿಯ ಮೂರು ಕಣ್ಣಿನಲ್ಲಿ ಮೆತ್ತಗಿರುವ ಒಂದರಿಂದ ಮೊಳಕೆ ಹೊರಗೆ ಬರುತ್ತದೆ. ಅದೇ ಹೊತ್ತಿಗೆ ಒಳಗೆ ಈ ಉಂಡೆ ಬೆಳೆಯುತ್ತದೆ. ಸಸಿಗೆ ಸ್ವಂತ ಬೇರು, ಎಲೆ ಬಲಿಯುವ ತನಕ ಊಟ ಕೊಡುವುದು ಇದೇ. ಮೊದಲು ಕಾಯಿನೀರು ಹೀರುತ್ತದೆ, ಆಮೇಲೆ ಕಾಯಿಯ ತಿರುಳನ್ನೇ ಕರಗಿಸಿಕೊಳ್ಳುತ್ತದೆ. ತಿರುಳಲ್ಲಿದ್ದ ಎಣ್ಣೆಯ ಬದಲು ಇಲ್ಲಿ ಸಕ್ಕರೆ ತುಂಬಿಕೊಳ್ಳುತ್ತದೆ. ಆ ಸಿಹಿ ಬರೋದು ಅಲ್ಲಿಂದಲೇ.

ನೀರಿನಂಶ ಬಿಟ್ಟು ನೋಡಿದರೆ ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆ ಮತ್ತು ಪಿಷ್ಟ. ಕೊಬ್ಬು ಸುಮಾರು 2% ಅಷ್ಟೇ. ಒಣ ಕೊಬ್ಬರಿಯಲ್ಲಾದರೆ 60% ದಾಟುತ್ತದೆ. ನಾರಿನಂಶ ಚೆನ್ನಾಗಿದೆ, ಪೊಟ್ಯಾಶಿಯಂ ಇದೆ, ಒಂದಿಷ್ಟು ಪ್ರೋಟೀನೂ ಇದೆ. ಬಿಸಿಲಲ್ಲಿ ದುಡಿದು ಬಂದವರಿಗೆ, ಆಡಿ ಬಂದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ತಿಂಡಿ ಬೇಕಾ? ಬಿಸ್ಕತ್ತು ಪೊಟ್ಟಣಕ್ಕಿಂತ ಸಾವಿರ ಪಾಲು ವಾಸಿ. ಆದರೆ ಶುಗರ್ ಇರುವವರಿಗೆ ಇದು ಔಷಧಿ ಹೇಗಾಗುತ್ತದೆ? ಕಿಡ್ನಿ ತೊಂದರೆ ಇರುವವರೂ ಪೊಟ್ಯಾಶಿಯಂ ಕಾರಣಕ್ಕೆ ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಥೈರಾಯ್ಡ್, ಕ್ಯಾನ್ಸರ್ ಎಲ್ಲ ವಾಸಿಯಾಗುತ್ತದೆ ಅನ್ನುವ ಮೆಸೇಜುಗಳನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ದೇವರಿಗೆ ಒಡೆದ ಕಾಯಲ್ಲಿ ಹೂವು ಬಂದರೆ ಶುಭ ಅಂತ ನಮ್ಮಮ್ಮ ಈಗಲೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಆಮೇಲೆ ಎಲ್ಲರಿಗೂ ಒಂದೊಂದು ಚೂರು ಹಂಚುತ್ತಾರೆ. ನನಗೆ ಅದೇ ಸರಿ ಅನಿಸುತ್ತದೆ, ಎಲ್ಲರಿಗೂ ಒಂದೊಂದು ಚೂರು.

ಗಾಡಿಯಲ್ಲಿ ಕೊಳ್ಳುವಾಗ ಮೂಗಿನ ಹತ್ತಿರ ಹಿಡಿದು ನೋಡಿ. ಹುಳಿ ವಾಸನೆ ಬಂದರೆ, ಲೋಳೆಯಾಗಿದ್ದರೆ ಬೇಡ. ಕಣ್ಣೆದುರೇ ಒಡೆಸಿಕೊಂಡು ಅವತ್ತೇ ತಿಂದು ಮುಗಿಸಿ. ಆಂಟಿ ಜೊತೆ ನಾಳೆ ಬೆಳಗ್ಗೆ ನಾನೇ ಡಾಕ್ಟರ್ ಹತ್ತಿರ ಹೋಗುತ್ತಿದ್ದೇನೆ.