ಕೊಯ್ಯದ ಹಲ್ಲು

ಮರ ಕೊಯ್ಯುವ ಮಷಿನ್ ಗರಗಸ, ಅಂದರೆ ಚೈನ್ ಸಾ, ಮೊಂಡಾಗಿದೆಯೋ ಇಲ್ಲವೋ ಅಂತ ತಿಳಿಯಲು ಹಲ್ಲು ನೋಡಬೇಕಾಗಿಲ್ಲ, ನೆಲ ನೋಡಿದರೆ ಸಾಕು. ಹರಿತವಾದ ಚೈನ್ ಚಕ್ಕೆ ಉದುರಿಸುತ್ತದೆ, ಮೊಂಡಾದದ್ದು ಹಿಟ್ಟು ಉದುರಿಸುತ್ತದೆ. ಆದರೆ ಹಿಟ್ಟು ಕಂಡ ಕೂಡಲೇ ಮಷಿನ್ ನಿಲ್ಲಿಸುವವರು ಯಾರು? ಮೊದಲು ಮರಕ್ಕೆ ಬೈಗುಳ: ಗಂಟು ಜಾಸ್ತಿ. ಆಮೇಲೆ ಪೆಟ್ರೋಲ್ ಮೇಲೆ ಅನುಮಾನ. ಅದಾದ ಮೇಲೆ ಕಾರ್ಬೊರೇಟರ್. ಒತ್ತಿ ಒತ್ತಿ ತೋಳು ಸೋತು, ಕೊಯ್ಯುವ ಜಾಗದಲ್ಲಿ ಹೊಗೆ ಎದ್ದ ಮೇಲೆ ಅರದ ನೆನಪಾಗುತ್ತದೆ.

ಅರ ಅಂದರೆ ಪೆನ್ಸಿಲ್‌ಗಿಂತ ತೆಳ್ಳಗಿನ ಉರುಟು ಕಡ್ಡಿ. ಕೈಗೆ ಸಿಕ್ಕಿದ ಅರದಿಂದ ಉಜ್ಜಿದರೆ ಆಗುವುದಿಲ್ಲ. ಪಿಚ್, ಅಂದರೆ ಚೈನಿನ ಕೊಂಡಿಗಳ ನಡುವಿನ ಸರಾಸರಿ ಅಂತರ, .325 ಇಂಚಿದ್ದರೆ 4.8 ಮಿ.ಮೀ. ದಪ್ಪದ ಅರ, 3/8ರ ದೊಡ್ಡ ಚೈನಿಗೆ 5.5, ಸಣ್ಣ ಮಷಿನ್‌ಗಳ ಲೋ ಪ್ರೊಫೈಲ್ (ತಗ್ಗು ಹಲ್ಲಿನ) ಚೈನಿಗೆ ಸಾಮಾನ್ಯವಾಗಿ 4. ಅಳತೆ ಚಿಕ್ಕದಾದರೆ ಹಲ್ಲು ಕೊಕ್ಕೆಯಾಗುತ್ತದೆ, ದಪ್ಪವಾದರೆ ಅಂಚು ಹಿಂದಕ್ಕೆ ವಾಲುತ್ತದೆ. ಹಲ್ಲಿನ ಒಳಗಿನಿಂದ ಹೊರಕ್ಕೆ ತಳ್ಳಬೇಕು, ವಾಪಸ್ ತರುವಾಗ ಎತ್ತಿಕೊಳ್ಳಬೇಕು. ಹೆಚ್ಚಿನ ಚೈನುಗಳಿಗೆ ಅರ ಹಿಡಿಯುವ ಕೋನ 30 ಡಿಗ್ರಿ.

ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಮುಖ ಮಾಡಿರುತ್ತವೆ. ಒಂದು ಬದಿ ಕೈಗೆ ಸಲೀಸು, ಇನ್ನೊಂದು ಬದಿ ಬಂದಾಗ ಮೊಣಕೈ ಎಲ್ಲಿಡುವುದೆಂದೇ ತಿಳಿಯುವುದಿಲ್ಲ. ಹೀಗೆ ಒಂದು ಬದಿಯ ಹಲ್ಲು ಗಿಡ್ಡ, ಇನ್ನೊಂದು ಬದಿಯದು ಉದ್ದ. ಆಮೇಲೆ ದಿಮ್ಮಿಯೊಳಗೆ ಗರಗಸ ನೇರ ಹೋಗದೆ ಬಳಸಿಕೊಂಡು ಹೋಗುತ್ತದೆ. ಅದಕ್ಕೇ ತಿಳಿದವರು ಎಲ್ಲಕ್ಕಿಂತ ಗಿಡ್ಡ ಹಲ್ಲನ್ನು ಹುಡುಕಿ, ಉಳಿದವನ್ನು ಅದರ ಮಟ್ಟಕ್ಕೆ ತರುತ್ತಾರೆ. ಕರೆಂಟಿನ ಗ್ರೈಂಡರ್ ಇದನ್ನೆಲ್ಲ ಚಕಚಕ ಮುಗಿಸುತ್ತದೆ, ನಿಜ. ಆದರೆ ಚಕ್ರವನ್ನು ಚೂರು ಜಾಸ್ತಿ ಒತ್ತಿದರೆ ಹಲ್ಲಿನ ತುದಿ ನೀಲಿಗಟ್ಟುತ್ತದೆ, ಉಕ್ಕಿನ ಹದವೇ ಕೆಡುತ್ತದೆ. ನನಗಂತೂ ಕೈ ಅರವೇ ಇಷ್ಟ.

ಈ ಹಲ್ಲಿನ ಆಕಾರ ಬಂದದ್ದು ಒಂದು ಹುಳುವಿನಿಂದ. ಅಮೆರಿಕದ ಆರೆಗನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು 1946ರಲ್ಲಿ ಬೊಡ್ಡೆಯೊಂದರಲ್ಲಿ ಜೀರುಂಡೆಯ ಮರಿಹುಳು ಕಂಡ. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತ ಮರವನ್ನು ಸರಾಗವಾಗಿ ತಿನ್ನುತ್ತಿತ್ತು. ಅದರ ದವಡೆಯನ್ನೇ ಉಕ್ಕಿನಲ್ಲಿ ಮಾಡಿದ. ಹುಳುವಿಗೆ ಅರ ಬೇಕಿರಲಿಲ್ಲ, ಅಷ್ಟೇ ವ್ಯತ್ಯಾಸ.

ಈಗ ನನ್ನ ಮೆಚ್ಚಿನ ಭಾಗಕ್ಕೆ ಬರುತ್ತೇನೆ. ಪ್ರತಿ ಹಲ್ಲಿನ ಮುಂದೆ ಒಂದು ಮೊಂಡು ಗುಬುಟು ಇದೆ. ರೇಕರ್ ಅಂತಾರೆ, ಡೆಪ್ತ್ ಗೇಜ್ ಅಂತಲೂ ಅಂತಾರೆ. ಅದು ಏನನ್ನೂ ಕೊಯ್ಯುವುದಿಲ್ಲ. ತಾನು ಉಣ್ಣದೆ, ಮಗುವಿನ ತುತ್ತು ಎಷ್ಟು ದೊಡ್ಡದಿರಬೇಕೆಂದು ಅಳೆದು ಕೊಡುವ ಅಜ್ಜಿಯ ಹಾಗೆ, ಹಿಂದಿನ ಹಲ್ಲು ಎಷ್ಟು ಆಳ ಕಚ್ಚಬೇಕೆಂದು ಹೇಳುವುದಷ್ಟೇ ಅದರ ಕೆಲಸ. ಬಹಳಷ್ಟು ಚೈನುಗಳಲ್ಲಿ ಅದು ಹಲ್ಲಿಗಿಂತ 0.65 ಮಿ.ಮೀ.ನಷ್ಟು ತಗ್ಗಿನಲ್ಲಿರಬೇಕು.

ಹಲ್ಲಿನ ನೆತ್ತಿ ಹಿಂದಕ್ಕೆ ಇಳಿಜಾರು. ಹಾಗಾಗಿ ಅರ ಹಾಕಿದಂತೆಲ್ಲ ಹಲ್ಲು ಗಿಡ್ಡವಾಗುವುದರ ಜೊತೆಗೆ ತಗ್ಗುತ್ತದೆ. ಗುಬುಟು ಮಾತ್ರ ಹಾಗೇ ಇರುತ್ತದೆ. ಒಂದು ದಿನ ಎರಡೂ ಸಮ. ಆಗ ಹಲ್ಲು ಬ್ಲೇಡಿನಷ್ಟು ಹರಿತವಿದ್ದರೂ ಮರಕ್ಕೆ ತಾಗುವುದೇ ಇಲ್ಲ, ಸುಮ್ನೆ ಸವರಿಕೊಂಡು ಹೋಗುತ್ತದೆ. ಹಿಡಿದವನು ಮತ್ತೆ ಉರುಟು ಅರ ತೆಗೆದು ಹಲ್ಲನ್ನೇ ಉಜ್ಜುತ್ತಾನೆ. ಅದು ಇನ್ನಷ್ಟು ತಗ್ಗುತ್ತದೆ. ಬೇಕಾದದ್ದು ಒಂದು ಚಪ್ಪಟೆ ಅರ, ಗೇಜಿನ ತಗಡು. ತಗಡನ್ನು ಚೈನಿನ ಮೇಲಿಟ್ಟು, ಅದರ ಸೀಳಿನಿಂದ ತಲೆ ಎತ್ತಿದ ಗುಬುಟನ್ನು ಚಪ್ಪಟೆ ಅರದಿಂದ ಸವರಿ, ಮುಂದಿನ ಮೂಲೆಯನ್ನು ಮೊದಲಿನಂತೆ ಉರುಟು ಮಾಡಿದರೆ ಮುಗಿಯಿತು.

ಇದು ಗೊತ್ತಾದ ಹೊಸತರಲ್ಲಿ ಕೆಲವರಿಗೆ ಹುರುಪು ಏರುತ್ತದೆ. ಇಷ್ಟು ತಗ್ಗಿಸಿದ್ದಕ್ಕೆ ಇಷ್ಟು ವೇಗ ಬಂತು, ಇನ್ನೂ ತಗ್ಗಿಸಿದರೆ? ಇನ್ನೂ ತಗ್ಗಿಸಿದರೆ ಹಲ್ಲು ಅಳತೆ ಮೀರಿ ಕಚ್ಚುತ್ತದೆ, ಮಷಿನ್ ಜಗ್ಗುತ್ತದೆ, ಗಡಗಡ ನಡುಗುತ್ತದೆ, ಬಾರ್, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿ, ಮುಖದತ್ತ ಚಿಮ್ಮುವ ಅಪಾಯವೂ ಹೆಚ್ಚುತ್ತದೆ. ಸವೆದುಹೋದ ಗುಬುಟಿಗೆ ಉಕ್ಕು ಮತ್ತೆ ಅಂಟಿಸಲಾಗುವುದಿಲ್ಲ. ಪ್ರತಿ ಹಲ್ಲನ್ನೂ ಅದರ ಮಟ್ಟಕ್ಕೆ ಇಳಿಯುವ ತನಕ ಉಜ್ಜಬೇಕು, ಇಲ್ಲವೇ ಹೊಸ ಚೈನ್ ತರಬೇಕು.