ಒಂದೂವರೆ ಸ್ಪೀಡಿನ ದೆವ್ವ

ದೆವ್ವದ ಸಿನಿಮಾ ನೋಡಿ ಹೆದರದೇ ಇರುವುದನ್ನು ಕೆಲವರು ದೊಡ್ಡ ಸಾಧನೆ ಅಂದುಕೊಂಡಿರುತ್ತಾರೆ. ನಮ್ಮ ಅಕ್ಕನ ಮಗ ಆ ಪೈಕಿ. ಇಟಲಿಯ ನಿರ್ದೇಶಕ ಮಾರಿಯೋ ಬಾವಾನ ‘ಬ್ಲ್ಯಾಕ್ ಸಂಡೆ’ ನೋಡು ಅಂತ ಅವನ ತಲೆ ತಿಂದಿದ್ದೆ. ಮೊಬೈಲಿನಲ್ಲಿ ಒಂದೂವರೆ ಸ್ಪೀಡಿಗಿಟ್ಟು ನೋಡಿ ಮುಗಿಸಿ, “ಭಯಾನೇ ಆಗ್ಲಿಲ್ಲ ಮಾಮ” ಅಂದ.

ಒಂದೂವರೆ ಸ್ಪೀಡು! ಆ ಸಿನಿಮಾದಲ್ಲಿ ರಾತ್ರಿ ಹೊತ್ತು ಕಾಡಿನೊಳಗಿಂದ ಒಂದು ಸಾರೋಟು ಬರುತ್ತದೆ. ಓಡಿಸುವವನು ಸತ್ತವನು. ಬಾವಾ ಅದನ್ನು ಬೇಕಂತಲೇ ಸ್ಲೋ ಮೋಷನ್ನಿನಲ್ಲಿ ತೋರಿಸಿದ್ದಾನೆ, ಕುದುರೆಗಳು ನೆಲ ಮುಟ್ಟದೆ ತೇಲಿಬರುವ ಹಾಗೆ. ಈ ಮಹಾರಾಯ ಅದನ್ನು ಬೆರಳ ತುದಿಯಲ್ಲೇ ಮಾಮೂಲಿ ಕುದುರೆ ಗಾಡಿ ಮಾಡಿಬಿಟ್ಟ. ಶುರುವಿನಲ್ಲೇ ಆ ಮುಖವಾಡ ಬರುತ್ತಲ್ಲ, ಒಳಮೈ ತುಂಬ ಮೊಳೆ ಇರುವುದು, ಅದು ಮೊದಲು ನಮ್ಮ ಕಡೆಗೇ ಬರುತ್ತದೆ. ಆಮೇಲೆ ಮಾಟಗಾತಿಯ ಮುಖಕ್ಕಿಟ್ಟು ಕೊಡತಿಯಿಂದ ಒಂದೇ ಏಟು. ಬ್ರಿಟನ್ನಿನ ಸೆನ್ಸಾರಿನವರು 1968ರವರೆಗೆ ಈ ಸಿನಿಮಾವನ್ನು ಥಿಯೇಟರಿಗೆ ಬಿಟ್ಟಿರಲಿಲ್ಲ. ಇವನಿಗೆ ಮಾತ್ರ ಭಯ ಆಗಲಿಲ್ಲವಂತೆ.

ಹೆದರುವುದಕ್ಕೂ ಒಂದು ಮನಸ್ಸು ಬೇಕು ಅನ್ನುವುದರ ಬಗ್ಗೆ ಗಂಭೀರವಾಗಿ ಬರೆಯೋಣ ಅಂತಲೇ ಕೂತಿದ್ದೆ. ಆದರೆ ಇವನನ್ನು ಬೈದು ಏನು ಪ್ರಯೋಜನ? 1960ರಲ್ಲಿ ಇದು ಬಿಡುಗಡೆಯಾದಾಗ ಖುದ್ದು ಇಟಲಿಯವರೇ ಹೇಳಿಕೊಳ್ಳುವಂತೆ ನೋಡಲಿಲ್ಲ. ಚೆನ್ನಾಗಿ ಓಡಿದ್ದು ಅಮೆರಿಕದಲ್ಲಿ, ಅದೂ ಒಂದಿಷ್ಟು ಕತ್ತರಿ ಹಾಕಿ, ಸಂಗೀತವನ್ನೇ ಬದಲಾಯಿಸಿದ ಮೇಲೆ.

ತಮ್ಮವರ ಸಿನಿಮಾ ನೋಡದ ಇಟಲಿಯವರ ಈ ಚಾಳಿಯ ಬಗ್ಗೆ ಅಲ್ಲಿನ ನಿರ್ದೇಶಕ ರಿಕಾರ್ಡೋ ಫ್ರೆಡಾ ಒಂದು ಕಥೆ ಹೇಳುತ್ತಿದ್ದ. 1957ರಲ್ಲಿ ‘ಇ ವಾಂಪೀರಿ’ ಅನ್ನುವ ಭಯದ ಸಿನಿಮಾ ತೆಗೆದವನು ಅವನೇ. ತೆಗೆದವನು ಅಂದರೆ, ಅರ್ಧಕ್ಕೆ ಬಿಟ್ಟು ಎದ್ದು ಹೋದವನು. ಮುಗಿಸಿಕೊಟ್ಟದ್ದು ಕ್ಯಾಮೆರಾಮನ್ ಆಗಿದ್ದ ಬಾವಾ. ಅದರಲ್ಲಿ ನಾಯಕಿ ನಮ್ಮ ಕಣ್ಣೆದುರೇ ಮುದುಕಿಯಾಗುತ್ತಾಳೆ, ಎಲ್ಲೂ ಕಟ್ ಇಲ್ಲ. ಮುಖಕ್ಕೆ ಬಣ್ಣದ ಗೆರೆ ಬಳಿದು, ಕೆಂಪು ಹಸಿರು ಬೆಳಕಿನ ಆಟ ಆಡಿದರೆ ಕಪ್ಪು-ಬಿಳುಪು ಚಿತ್ರದಲ್ಲಿ ಸುಕ್ಕು ತಾನಾಗಿ ಮೂಡುತ್ತದೆ. ಇಷ್ಟೆಲ್ಲಾ ಮಾಡಿದರೂ ಸಿನಿಮಾ ಓಡಲಿಲ್ಲ. ಇಟಲಿಯ ಸಾನ್ ರೆಮೋ ಊರಿನ ಒಂದು ಥಿಯೇಟರ್ ಮುಂದೆ ಫ್ರೆಡಾ ನಿಂತಿದ್ದನಂತೆ. ಜನ ಬರೋರು, ಪೋಸ್ಟರ್ ಆಸೆಯಿಂದ ನೋಡೋರು, ಕೆಳಗೆ ‘ಫ್ರೆಡಾ’ ಅನ್ನೋ ಹೆಸರು ಕಂಡ ಕೂಡಲೇ, ಓ ನಮ್ಮವರದಾ, ನಮ್ಮವರಿಗೆ ಇದೆಲ್ಲ ಎಲ್ಲಿ ಬರುತ್ತೆ ಅಂತ ಹೊರಟುಹೋಗೋರು.

ಅಲ್ಲಿಂದ ಮುಂದೆ ಫ್ರೆಡಾ ‘ರಾಬರ್ಟ್ ಹ್ಯಾಂಪ್ಟನ್’ ಆದ. ಇನ್ನೊಬ್ಬ ನಿರ್ದೇಶಕ ಆಂಟೋನಿಯೋ ಮಾರ್ಗೆರೀತಿ ‘ಆಂಥನಿ ಡಾಸನ್’ ಆದ. ‘ಬ್ಲ್ಯಾಕ್ ಸಂಡೆ’ಗೆ ಸ್ವಂತ ಹೆಸರನ್ನೇ ಹಾಕಿಕೊಂಡಿದ್ದ ಬಾವಾ ಕೂಡ 1963ರ ಹೊತ್ತಿಗೆ ‘ಜಾನ್ ಎಂ. ಓಲ್ಡ್’ ಆಗಿ ಕೂತ. ಮರುವರ್ಷ ಸರ್ಜಿಯೋ ಲಿಯೋನ್ ತನ್ನ ಕೌಬಾಯ್ ಸಿನಿಮಾಕ್ಕೆ ‘ಬಾಬ್ ರಾಬರ್ಟ್‌ಸನ್’ ಅಂತ ಹಾಕಿಸಿಕೊಂಡ. ಅವನ ಅಪ್ಪನೂ ನಿರ್ದೇಶಕ, ‘ರೊಬೆರ್ತೊ ರೊಬೆರ್ತಿ’ ಅನ್ನುವ ಹೆಸರಿನಲ್ಲಿ. ಸುಳ್ಳು ಹೆಸರಿಗೂ ವಂಶಾವಳಿ! ಊರಿನವರಿಗೆ ಊರಿನವರ ಕೆಲಸ ಬೇಡ, ಅದನ್ನೇ ಇಂಗ್ಲಿಷ್ ಹೆಸರಿಟ್ಟು ಕೊಟ್ಟರೆ ಚಪ್ಪರಿಸಿಕೊಂಡು ನೋಡುತ್ತಾರೆ. ನನಗೆ ಮೈ ಉರಿಯುವುದು ಇದಕ್ಕೇ.

ಇವರೆಲ್ಲ ಹೀಗೆ ಇಂಗ್ಲಿಷರ ವೇಷ ಹಾಕುತ್ತಿದ್ದರೆ, ನಿಜವಾದ ಇಂಗ್ಲಿಷ್ ಹುಡುಗಿ ಒಬ್ಬಳು ‘ಬ್ಲ್ಯಾಕ್ ಸಂಡೆ’ಯಲ್ಲೇ ಇದ್ದಳು. ಬಾರ್ಬರಾ ಸ್ಟೀಲ್. ಮಾಟಗಾತಿ ಆಸಾ, ಅವಳ ವಂಶದ ಕಾತ್ಯಾ, ಎರಡೂ ಪಾತ್ರ ಅವಳದೇ. ಇಂಗ್ಲೆಂಡಿನಲ್ಲೇ ಹುಟ್ಟಿದವಳು, ಇಂಗ್ಲಿಷು ಅವಳ ಮನೆಮಾತು. ಆ ಸಿನಿಮಾದ ಇಂಗ್ಲಿಷ್ ಪ್ರತಿಯಲ್ಲಿ ಅವಳಿಗೆ ಬೇರೆ ಯಾರದೋ ದನಿ ಡಬ್ ಮಾಡಿದ್ದಾರೆ.